ಒಡೆಯ-ಒಕ್ಕಲು ಲಕ್ಷಣ ಪ್ರಕರಣ

ಜನಗಣತಿಯವರು ಮನುಷ್ಯವಾಸವನ್ನು ಮೂರೇ ಖಾನೆಗಳಲ್ಲಿ ಮುಗಿಸಿಬಿಡುತ್ತಾರೆ: ಸ್ವಂತ, ಬಾಡಿಗೆ, ಇತರೆ. 2011ರ ಲೆಕ್ಕದಲ್ಲಿ ದೇಶದ ಹಳ್ಳಿಗಳ ಶೇ 94.7ರಷ್ಟು ಕುಟುಂಬಗಳು ಸ್ವಂತ ಮನೆಯಲ್ಲಿದ್ದವು, ಬಾಡಿಗೆಗಿದ್ದವು ಶೇ 3.4 ಮಾತ್ರ. ಪಟ್ಟಣಗಳಲ್ಲಿ ಬಾಡಿಗೆಯವರ ಪಾಲು ಶೇ 27.5. ಇಷ್ಟು ನೋಡಿ ಹಳ್ಳಿಯೆಂದರೆ ಸ್ವಂತದ್ದು, ಪಟ್ಟಣವೆಂದರೆ ಬಾಡಿಗೆಯದು ಎಂದು ಸೂತ್ರ ಬರೆದ ಪಂಡಿತರಿದ್ದಾರೆ. ಅವರು ಬೆಂಗಳೂರಿನ ವಿಜಯನಗರದ ಮಾರೇನಹಳ್ಳಿಯಲ್ಲೋ ಬಸವೇಶ್ವರನಗರದ ಸಾಣೆಗುರುವನಹಳ್ಳಿಯಲ್ಲೋ ಭಾನುವಾರ ಬೆಳಿಗ್ಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಮೂರು ಖಾನೆ ಸಾಲದೆ ಫಾರಮ್ಮಿನ ಹಿಂಬದಿಗೂ ಬರೆಯಬೇಕಾಗುತ್ತಿತ್ತು. ಆ ಹಿಂಬದಿಯ ಬರಹವೇ ಈ ಪ್ರಕರಣ.

ಮೊದಲು ಕ್ಷೇತ್ರನಿರ್ಣಯ. ರಾಜಾಜಿನಗರದಿಂದ ಹೊರಟು ಬಸವೇಶ್ವರನಗರ, ವಿಜಯನಗರ, ನಾಯಂಡಹಳ್ಳಿ ದಾಟಿ ಕೆಂಗೇರಿಯ ಆಚೆಗೆ ಮೆಟ್ರೊ ಮುಗಿಯುವ ಚಳ್ಳಘಟ್ಟದವರೆಗಿನ ನೆಲ ನಮ್ಮ ಅಧ್ಯಯನದ್ದು. ಇದು ನಗರವೇ ಅಂದರೆ, ತೆರಿಗೆ ರಸೀತಿಯ ಪ್ರಕಾರ ಹೌದು. ಆದರೆ ಬಸ್ಸಿನಲ್ಲಿ ಕೇಳಿಸುವ ಹೆಸರುಗಳು ಬೇರೆಯೇ ಕಥೆ ಹೇಳುತ್ತವೆ: ಕೇತಮಾರನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ, ಪಂತರಪಾಳ್ಯ, ವಳಗೇರಹಳ್ಳಿ. 1945ರಲ್ಲಿ ಹುಟ್ಟಿದ ಟ್ರಸ್ಟ್ ಬೋರ್ಡು, ಹಿರಿಯರ ಬಾಯಲ್ಲಿ ಸಿಐಟಿಬಿ, ಈ ಕಡೆಗೆ ಬಡಾವಣೆಗಳನ್ನು ತಂದಿತು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. 1976ರಲ್ಲಿ ಆ ಬೋರ್ಡಿನ ಜಾಗಕ್ಕೆ ಬಿಡಿಎ ಬಂತು. ಇಬ್ಬರ ಪದ್ಧತಿಯೂ ಒಂದೇ. ಹೊಲ, ತೋಪು, ಕಣ ಎಲ್ಲವನ್ನೂ ನೋಟಿಫೈ ಮಾಡುವುದು, ಜನ ಮನೆ ಕಟ್ಟಿಕೊಂಡಿರುವ ಗ್ರಾಮಠಾಣವನ್ನು ಮಾತ್ರ ಮುಟ್ಟದೆ ಬಿಡುವುದು. ಹಾಗಾಗಿ ಗೆರೆ ಎಳೆದಂತಿರುವ ನಲವತ್ತಡಿ ರಸ್ತೆಯಲ್ಲಿ ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಎರಡು ಸ್ಕೂಟರು ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಓಣಿ ಬರುತ್ತದೆ. ಕೊನೆಯಲ್ಲಿ ಅರಳಿಕಟ್ಟೆ, ಪಕ್ಕದಲ್ಲಿ ಮುನೇಶ್ವರನ ಗುಡಿ. ಅಲ್ಲಿಗೆ ಹಳ್ಳಿ ಬಂತು ಎಂದು ತಿಳಿಯಬೇಕು.

ಮಾಲೀಕ ವರ್ಗದ ಮೊದಲ ಪ್ರಭೇದ ಈ ಓಣಿಯಲ್ಲೇ ಸಿಗುತ್ತದೆ. ಇದಕ್ಕೆ ಠಾಣಾವಾಸಿ ಎಂದು ಹೆಸರಿಡೋಣ. ಮುಖ್ಯ ಲಕ್ಷಣ, ಕ್ರಯಪತ್ರ ಇಲ್ಲದಿರುವುದು. ಮನೆಯನ್ನು ಯಾರೂ ಯಾರಿಂದಲೂ ಕೊಂಡಿಲ್ಲವಾದ್ದರಿಂದ ಅದು ಇರಲು ಕಾರಣವೂ ಇಲ್ಲ. "ನಮ್ ತಾತನ ಕಾಲದ್ದು" ಅನ್ನುವುದೇ ದಾಖಲೆ. ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಳೆಯ ಪಹಣಿ ಇರುತ್ತದೆ. ಆ ಪಹಣಿಯ ಸರ್ವೆ ನಂಬರಿನ ಮೇಲೆ ಈಗ ಬೇರೆಯವರ ಮೂರಂತಸ್ತು, ಒಂದು ಪಾರ್ಕು ಮತ್ತು ಒಂದು ದರ್ಶಿನಿ ಹೋಟೆಲು ನಿಂತಿವೆ. ಪರಿಹಾರದ ದುಡ್ಡು ಯಾವತ್ತೋ ಮದುವೆಗಳಲ್ಲಿ ಕರಗಿತು. ಉಳಿದದ್ದು ಮನೆ, ಹಿತ್ತಿಲು, ದನದ ಕೊಟ್ಟಿಗೆ. ಮೊದಲು ಕೊಟ್ಟಿಗೆಗೆ ಶೀಟು ಹೊದಿಸಿ ಬಿನ್ನಿ ಮಿಲ್ಲಿನವರಿಗೋ ಮಿನರ್ವ ಮಿಲ್ಲಿನವರಿಗೋ ಕೊಟ್ಟರು. ಆಮೇಲೆ ಹಿತ್ತಿಲಿನಲ್ಲಿ ಸಾಲಾಗಿ ನಾಲ್ಕು ಮನೆ ಎದ್ದು, ನಾಲ್ಕಕ್ಕೂ ಒಂದೇ ನಲ್ಲಿ, ಒಂದೇ ಕಕ್ಕಸು ಇಟ್ಟು ವಠಾರವಾಯಿತು. ಅಗಲಕ್ಕೆ ಜಾಗ ಮುಗಿದ ಮೇಲೆ ಎತ್ತರಕ್ಕೆ ಹೊರಟರು. ರಾಗಿ ಬೆಳೆಯುತ್ತಿದ್ದ ಮನೆತನ ಈಗ ಬಾಡಿಗೆ ಬೆಳೆಯುತ್ತದೆ. ಇದಕ್ಕೆ ಮಳೆ ಬೇಕಿಲ್ಲ, ತಿಂಗಳ ಐದನೇ ತಾರೀಖು ಬಂದರೆ ಸಾಕು.

ಈ ಪ್ರಭೇದದ ಅಳತೆಗಳು ಬದಲಾದ ಬಗೆಯೂ ಗಮನಾರ್ಹ. ಎಕರೆಯಲ್ಲಿ ಮಾತಾಡುತ್ತಿದ್ದವರು ಚದರಕ್ಕೆ ಇಳಿದರು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ, ನೂರು ಚದರಡಿಗೆ ಗಾರೆಯವರ ಲೆಕ್ಕದ ಒಂದು ಚದರ. ಬಡಾವಣೆಯವರು ಎದೆಯುಬ್ಬಿಸಿ ಹೇಳುವ ಮೂವತ್ತು-ನಲವತ್ತರ ಸೈಟು ಒಂದು ಗುಂಟೆಗಿಂತ 111 ಚದರಡಿ ದೊಡ್ಡದು, ಅಷ್ಟೆ. ಹಳ್ಳಿಯ ಅಜ್ಜ ಅದನ್ನು ನೋಡಿ ನಗುವುದುಂಟು, ಅಷ್ಟು ಜಾಗ ಅವನ ತಿಪ್ಪೆಗೇ ಇತ್ತು. ಅದರ ಇವತ್ತಿನ ಬೆಲೆ ಹೇಳಿದರೆ ನಗು ನಿಲ್ಲಿಸುತ್ತಾನೆ.

ಠಾಣಾವಾಸಿಯ ಸಂಪತ್ತನ್ನು ಅಳೆಯಬೇಕಾದವರು ಮುಂಬಾಗಿಲಿನಿಂದ ಒಳಗೆ ಹೋಗಬಾರದು, ಮೆಟ್ಟಿಲ ಕೆಳಗೆ ಬಗ್ಗಿ ನೋಡಬೇಕು. ಹಲಗೆಯ ಮೇಲೆ ಕರೆಂಟಿನ ಮೀಟರುಗಳು ಸಾಲಾಗಿ ಕೂತಿರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ಸುಣ್ಣದಲ್ಲೋ ಸ್ಕೆಚ್ ಪೆನ್ನಿನಲ್ಲೋ ಬರೆದ ಗುರುತು: ಮೇಲೆ, ಹಿಂದೆ, ರೂಂ, ಅಂಗಡಿ, ಮೋಟರ್. ಕೆಲವು ಬೆಸ್ಕಾಂನ ಮೀಟರು, ಕೆಲವು ಮಾಲೀಕರೇ ಎಸ್.ಪಿ. ರಸ್ತೆಯಿಂದ ತಂದು ಹಾಕಿಸಿದ ಸಬ್ ಮೀಟರು. 2023ರಲ್ಲಿ ಗೃಹಜ್ಯೋತಿ ಬಂದು ಇನ್ನೂರು ಯೂನಿಟ್ಟಿನೊಳಗಿನ ಬಿಲ್ಲು ಸೊನ್ನೆಯಾದಾಗ ಈ ಹಲಗೆಯ ಮುಂದೆ ದೊಡ್ಡ ಶಾಸ್ತ್ರಾರ್ಥ ನಡೆಯಿತು. ಆರ್.ಆರ್. ನಂಬರು ಇರುವ ಮೀಟರಿನ ಬಾಡಿಗೆದಾರ ಆಧಾರ್ ಜೋಡಿಸಿ ಸೌಲಭ್ಯ ಪಡೆದ. ಸಬ್ ಮೀಟರಿನವನು ಮಾಲೀಕರ ಮುಖ ನೋಡಿದ. ಒಂದೇ ಮೆಟ್ಟಿಲು ಹತ್ತುವ ಇಬ್ಬರು ಬಾಡಿಗೆದಾರರನ್ನು ಎರಡು ಉಪಜಾತಿಯಾಗಿ ಒಡೆದ ಕೀರ್ತಿ ಆ ಮೀಟರಿನದು.

ಠಾಣಾವಾಸಿ ಒಂದೆರಡು ತಲೆಮಾರಿನಲ್ಲಿ ಪಾಲುವಾಸಿಯಾಗುತ್ತಾನೆ. ನೆಲ ಪಾಲು ಮಾಡಿದರೆ ಒಬ್ಬೊಬ್ಬರಿಗೂ ಬಾಗಿಲಿನಷ್ಟೇ ಬರುವುದರಿಂದ ಮನೆಯನ್ನು ಅಡ್ಡಡ್ಡ ಸೀಳುತ್ತಾರೆ: ಅಣ್ಣನಿಗೆ ಕೆಳಗಿನದು, ನಡುವಿನವನಿಗೆ ಮೊದಲ ಮಹಡಿ, ಕಿರಿಯವನಿಗೆ ಟೆರೇಸು ಮತ್ತು ಸಾಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು, ದೇಶಕ್ಕೆ ಅದು ಬಂದದ್ದು 2005ರಲ್ಲಿ. ಓಣಿಯಲ್ಲಿ ಮಾತ್ರ ಇನ್ನೂ ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಸೀರೆ ಕೊಟ್ಟು, ಊಟವಾದ ಮೇಲೆ "ಇಲ್ಲೊಂದು ಸೈನ್ ಹಾಕಮ್ಮ" ಎನ್ನುವ ಪದ್ಧತಿ ಹೋಗಿಲ್ಲ. ಇದನ್ನು ನಾನು ತಮಾಷೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ಎರಡನೆಯ ಪ್ರಭೇದ ಹಂಚಿಕೆದಾರ. ಅರ್ಜಿ ಹಾಕಿ, ಠೇವಣಿ ಕಟ್ಟಿ, ಎರಡು ಮೂರು ಸಲ ಸಿಗದೆ, ಕೊನೆಗೆ ಸಿಕ್ಕ ದಿನ ಕಚೇರಿಗೆಲ್ಲ ಮೈಸೂರುಪಾಕು ಹಂಚಿದವರು ಇವರು. ಬಹುತೇಕ ಸರ್ಕಾರಿ ನೌಕರರು, ಬ್ಯಾಂಕಿನವರು, ಕಾರ್ಖಾನೆಯವರು. ಇವರ ಕಾಗದ ಓದಿದಾಗ ಶಾಸ್ತ್ರಕಾರನಿಗೆ ತಲೆ ತಿರುಗುತ್ತದೆ. ಬಿಡಿಎ ಸೈಟು ಕೊಡುವುದು ಲೀಸ್-ಕಂ-ಸೇಲ್ ಕರಾರಿನ ಮೇಲೆ. ಹತ್ತು ವರ್ಷ ಆ ಸೈಟು ಗೇಣಿಯ ಲೆಕ್ಕ. ಆಮೇಲೆ ಶುದ್ಧ ಕ್ರಯಪತ್ರ. ಅಂದರೆ ಸಾಲ ಮಾಡಿ, ಮೋಲ್ಡ್ ಹಾಕಿಸಿ, ಗೃಹಪ್ರವೇಶದ ದಿನ ಹಸು ನುಗ್ಗಿಸಿ, ಬಾಗಿಲಿಗೆ 'ಶ್ರೀನಿಲಯ' ಎಂದು ಕೆತ್ತಿಸಿ, ಮೇಲಿನ ಮಹಡಿಯನ್ನು ಬೇರೆಯವರಿಗೆ ಕೊಟ್ಟು "ಮೊಳೆ ಹೊಡೀಬೇಡಿ" ಎಂದು ತಾಕೀತು ಮಾಡುತ್ತಿರುವ ಯಜಮಾನರು ಕಾಗದದ ಪ್ರಕಾರ ಆಗ ತಾವೇ ಬಿಡಿಎಯ ಒಕ್ಕಲು. ಗಣತಿಯ ಯಾವ ಖಾನೆಗೆ ಇವರನ್ನು ಹಾಕುವುದು?

ಮೂರನೆಯವರು ರೆವಿನ್ಯೂ ಸೈಟಿನವರು. ಮಾಗಡಿ ರಸ್ತೆಯ ಸುಂಕದಕಟ್ಟೆ, ಹೇರೋಹಳ್ಳಿಯಿಂದ ಉಲ್ಲಾಳಿನವರೆಗೆ ಈ ಪ್ರಭೇದ ಹೇರಳ. ಹೊಲವನ್ನು ಬಿಡಿಎ ಕಣ್ಣು ಹಾಕುವ ಮೊದಲೇ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ಮಾರಿದವನು ರೈತ, ಕೊಂಡವನು ಕಾಮಾಕ್ಷಿಪಾಳ್ಯದ ಲೇತ್ ಮೆಷಿನ್ನಿನ ಕೆಲಸಗಾರ. 2007ರಲ್ಲಿ ಕೆಂಗೇರಿ ಪುರಸಭೆ, ಏಳು ನಗರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆದ ಮೇಲೆ ಇವರ ಮನೆಗಳು 'ಬಿ' ಖಾತೆಯಲ್ಲಿ ಕೂತವು. ಬಿ ಖಾತೆಯ ತತ್ವ ಸರಳ: ತೆರಿಗೆ ಕಟ್ಟುವಾಗ ಮನೆ ಇದೆ, ಬ್ಯಾಂಕಿಗೆ ಸಾಲಕ್ಕೆ ಹೋದರೆ ಮನೆ ಇಲ್ಲ. ಅದ್ವೈತಿಗಳು ಇದನ್ನು ಮೊದಲೇ ಕಂಡಿದ್ದರೆ ಮಾಯೆಯನ್ನು ವಿವರಿಸಲು ಹಗ್ಗ ಹಾವು ಬೇಕಾಗುತ್ತಿರಲಿಲ್ಲ. ಅಕ್ರಮ-ಸಕ್ರಮ ಬರುತ್ತದೆ ಎಂದು ಕಾದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು.

ನಾಲ್ಕನೆಯ ಪ್ರಭೇದ ಇನ್ನೂ ಮೊಟ್ಟೆಯೊಡೆಯುತ್ತಿದೆ. ಕೆಂಗೇರಿಯ ಆಚೆ ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ ಮೊದಲಾದ 12 ಹಳ್ಳಿಗಳ 4,043 ಎಕರೆಗೆ 2010ರಲ್ಲಿ ಅಂತಿಮ ಅಧಿಸೂಚನೆಯಾದ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ, ಭೂಮಿ ಕೊಟ್ಟ ರೈತನಿಗೆ ದುಡ್ಡಿನ ಬದಲು ಅಭಿವೃದ್ಧಿಯಾದ ಜಾಗದಲ್ಲಿ ಶೇ 40ರ ಪಾಲು ಪಡೆಯುವ ಅವಕಾಶ ಕೊಟ್ಟರು. ಠಾಣಾವಾಸಿ ಮತ್ತು ಹಂಚಿಕೆದಾರ ಎರಡೂ ಒಂದೇ ದೇಹದಲ್ಲಿ ಸೇರಿದ ಮೊದಲ ಮಾದರಿ ಇದು. ಇದರ ಗುಣಸ್ವಭಾವ ಇನ್ನೂ ಪೂರ್ತಿ ಗೊತ್ತಾಗಿಲ್ಲ.

ಅಪಾರ್ಟ್‌ಮೆಂಟಿನವರನ್ನು ಬಿಟ್ಟಿದ್ದೇನೆ. ಅವರಿಗೆ ಅಸೋಸಿಯೇಷನ್ನು ಇದೆ, ವರ್ಗೀಕರಣವನ್ನು ಅದೇ ಮಾಡಿಕೊಳ್ಳುತ್ತದೆ. ವಿಶ್ವವಿದ್ಯಾಲಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸುತ್ತ ತುಂಬಿರುವ ಪಿಜಿಗಳೂ ಇಲ್ಲಿ ಬರುವುದಿಲ್ಲ. ಅಲ್ಲಿ ಬಾಡಿಗೆಗೆ ಸಿಗುವುದು ಮನೆಯಲ್ಲ, ಮಂಚ.

ಈಗ ಒಕ್ಕಲು ವರ್ಗ. ಇದರಲ್ಲಿ ಅತ್ಯಂತ ಪ್ರಾಚೀನವೂ ಅತ್ಯಂತ ಸ್ವಾರಸ್ಯವೂ ಆದದ್ದು ಭೋಗ್ಯವಾಸಿ. ಇದನ್ನು ಈಗ ಎಲ್ಲರೂ ಲೀಸ್ ಎನ್ನುತ್ತಾರೆ. ಪದ್ಧತಿ ಹೀಗೆ: ತಿಂಗಳ ಬಾಡಿಗೆ ಇಲ್ಲ. ಎಂಟು ಲಕ್ಷ ಅಂದುಕೊಳ್ಳಿ, ಒಟ್ಟಿಗೆ ಕೊಟ್ಟು ಮೂರು ವರ್ಷ ಇರುವುದು. ಬಿಡುವಾಗ ಎಂಟು ಲಕ್ಷ ಹಾಗೆಯೇ ವಾಪಸ್ಸು, ಬಡ್ಡಿ ಮಾತ್ರ ಇಲ್ಲ. ದಿಲ್ಲಿಯಿಂದ ಬಂದವರಿಗೆ ಇದನ್ನು ವಿವರಿಸಿದರೆ ಮೋಸವಿರಬೇಕು ಎಂಬಂತೆ ನೋಡುತ್ತಾರೆ. ಇದು ನಗರ ಹುಟ್ಟಿಸಿದ ಪದ್ಧತಿಯೇ ಅಲ್ಲ. ಹಳ್ಳಿಯಲ್ಲಿ ಮಗಳ ಮದುವೆಗೆ ದುಡ್ಡು ಬೇಕಾದಾಗ ಹೊಲವನ್ನು ಭೋಗ್ಯಕ್ಕೆ ಹಾಕುತ್ತಿದ್ದರು. ಸಾಲ ಕೊಟ್ಟವನು ಉತ್ತು ಬೆಳೆ ತಿನ್ನುತ್ತಿದ್ದ, ಅಸಲು ತೀರಿಸಿದ ದಿನ ಹೊಲ ಬಿಟ್ಟುಕೊಡುತ್ತಿದ್ದ, ಬೆಳೆಯೇ ಬಡ್ಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಕೂಡ ಇಂಥ ಅಡಮಾನವನ್ನು ಗುರುತಿಸುತ್ತದೆ. ಹೊಲ ಹೋಯಿತು, ಪದ್ಧತಿ ಹೋಗಲಿಲ್ಲ. ಠಾಣಾವಾಸಿ ಈಗ ಭೋಗ್ಯಕ್ಕೆ ಹಾಕುವುದು ಮೇಲಿನ ಮಹಡಿಯನ್ನು, ಉದ್ದೇಶ ಮಾತ್ರ ಅದೇ ಮಗಳ ಮದುವೆ.

ಇನ್ನೂ ಬುದ್ಧಿವಂತರು ಕೆಳಮನೆಯನ್ನು ಭೋಗ್ಯಕ್ಕೆ ಹಾಕಿ ಬಂದ ದುಡ್ಡಿನಲ್ಲಿ ಮೊದಲ ಮಹಡಿ ಕಟ್ಟುತ್ತಾರೆ, ಮೊದಲ ಮಹಡಿಯ ಭೋಗ್ಯದಿಂದ ಎರಡನೆಯದನ್ನು. ಕಟ್ಟಡ ನಿಂತಿರುವುದು ಕಂಬಿ ಸಿಮೆಂಟಿನ ಮೇಲಲ್ಲ, ಭೋಗ್ಯದವರ ಮೇಲೆ. ಕೆಳಮನೆಯವರು ಮೂರು ವರ್ಷ ಮುಗಿಸಿ "ನಮ್ ದುಡ್ಡು ಕೊಡಿ ಸಾರ್" ಅಂದಾಗ ಯಜಮಾನರು ಹೇಳುವ ಮಾತು ಪಶ್ಚಿಮ ಬೆಂಗಳೂರಿನಾದ್ಯಂತ ಒಂದೇ: "ಬೇರೆ ಪಾರ್ಟಿ ಸಿಕ್ಲಿ, ಕೊಟ್ಬಿಡ್ತೀನಿ." ಹೊಸಬರ ದುಡ್ಡು ಹಳಬರಿಗೆ ಹೋಗುತ್ತದೆ, ಯಜಮಾನರ ಕೈಗೆ ಬರೀ ಎಣಿಸುವ ಕೆಲಸ. ದಕ್ಷಿಣ ಕೊರಿಯಾದಲ್ಲೂ ಇದೇ ವ್ಯವಸ್ಥೆ ಜಾನ್ಸೆ ಎಂಬ ಹೆಸರಿನಲ್ಲಿ ಇದೆ. ಅಲ್ಲಿ ಮನೆ ಬೆಲೆ ಬಿದ್ದಾಗ ಮಾಲೀಕರು ಕೈಚೆಲ್ಲಿ, ಬಾಡಿಗೆದಾರರು ಬೀದಿಗೆ ಬಿದ್ದು, 2023ರಲ್ಲಿ ಸಂತ್ರಸ್ತರಿಗಾಗಿ ವಿಶೇಷ ಕಾನೂನೇ ಬಂತು. ಸೋಲ್ ನಗರಕ್ಕೂ ಮೂಡಲಪಾಳ್ಯಕ್ಕೂ ಇಷ್ಟು ಹತ್ತಿರದ ನೆಂಟಸ್ತಿಕೆ ಇದೆಯೆಂದು ಎರಡೂ ಕಡೆಯವರಿಗೆ ಗೊತ್ತಿಲ್ಲ.

ಮುಂದಿನದು ಹನ್ನೊಂದು ತಿಂಗಳವಾಸಿ. ವರ್ಷ ಮೀರಿದ ಗೇಣಿಯನ್ನು 1908ರ ಕಾಯ್ದೆಯಂತೆ ನೋಂದಣಿ ಮಾಡಿಸಲೇಬೇಕಾದ್ದರಿಂದ ಕರಾರು ಹನ್ನೊಂದು ತಿಂಗಳಿಗೆ ನಿಲ್ಲುತ್ತದೆ. ಹತ್ತು ತಿಂಗಳ ಅಡ್ವಾನ್ಸು, ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಡಿತ. 2021ರ ಕೇಂದ್ರದ ಮಾದರಿ ಕಾಯ್ದೆ ಎರಡು ತಿಂಗಳ ಅಡ್ವಾನ್ಸು ಸಾಕು ಅಂದಿತು. ಮನೆ ನೋಡಲು ಹೋದಾಗ ಅದರ ಹೆಸರೆತ್ತದಿರುವುದು ಕ್ಷೇಮ. ರಾಜ್ಯದ 1999ರ ಬಾಡಿಗೆ ಕಾಯ್ದೆಯ ಮೊರೆ ಹೋಗೋಣವೆಂದರೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದೇ ಇಲ್ಲ. ಆ ದುಡ್ಡಿಗೆ ಈಗ ಶೀಟಿನ ಕೋಣೆ ಸಿಗುವುದೂ ಕಷ್ಟ.

ಇಲ್ಲೊಂದು ಪೂರ್ವಪಕ್ಷ. ನೋಂದಣಿ ಖರ್ಚು ಉಳಿಸುವುದಕ್ಕಷ್ಟೇ ಮಾಲೀಕರು ಹನ್ನೊಂದು ತಿಂಗಳಿಗೆ ಜೋತುಬಿದ್ದಿದ್ದಾರೆ ಎಂದು ವಕೀಲರು ವಾದಿಸಬಹುದು. ಸಿದ್ಧಾಂತ ಬೇರೆ. 1974ರಲ್ಲಿ ಭೂಸುಧಾರಣೆ ಬಂದು ಉಳುವವನೇ ಹೊಲದೊಡೆಯ ಎಂದಾದಾಗ, ಗೇಣಿದಾರರು 7ನೇ ನಂಬರ್ ಫಾರಂ ತುಂಬಿ ಜಮೀನು ತಮ್ಮದು ಮಾಡಿಕೊಂಡದ್ದನ್ನು ಈ ಮಾಲೀಕರು ಅಥವಾ ಇವರ ಅಪ್ಪಂದಿರು ಕಣ್ಣಾರೆ ಕಂಡಿದ್ದಾರೆ. ಕೆಲವರು ಆ ಫಾರಂನಿಂದ ಪಡೆದವರು, ಕೆಲವರು ಕಳೆದುಕೊಂಡವರು. ಪಡೆದವರಿಗೇ ಹೆದರಿಕೆ ಹೆಚ್ಚು. "ಹನ್ನೆರಡ್ ವರ್ಷ ಇದ್ಬಿಟ್ರೆ ಮನೆ ಅವ್ರದ್ದೇ ಆಗುತ್ತಂತೆ" ಎಂಬ ಮಾತು ಓಣಿಯಲ್ಲಿ ವೇದವಾಕ್ಯ. ಬಾಡಿಗೆ ಕೊಟ್ಟುಕೊಂಡು ಇರುವವನು ಎಷ್ಟು ವರ್ಷವಿದ್ದರೂ ಬಾಡಿಗೆದಾರನೇ ಎಂದು ಕೋರ್ಟುಗಳು ಸಾರಿ ಸಾರಿ ಹೇಳಿವೆ, ಯಾರೂ ಕೇಳಿಸಿಕೊಂಡಿಲ್ಲ. ಹೊಲದ ಭಯ ಮನೆಯೊಳಗೆ ಬಂದು ಕೂತಿದೆ.

ಒಕ್ಕಲನ್ನು ಆರಿಸುವ ಪರೀಕ್ಷಾವಿಧಿಯನ್ನು ಹೇಳದೆ ಪ್ರಕರಣ ಮುಂದೆ ಹೋಗದು. ಇದು ಗೇಟಿನ ಬಳಿಯೇ, ನಿಂತುಕೊಂಡೇ ನಡೆಯುತ್ತದೆ.

"ಎಷ್ಟ್ ಜನ ಇರ್ತೀರಪ್ಪ?"

"ನಾವಿಬ್ರು, ಒಂದ್ ಮಗು. ನಮ್ಮಮ್ಮ ಇರ್ತಾರೆ."

"ಅಮ್ಮ ಪರ್ಮನೆಂಟಾ, ಬಂದ್ ಹೋಗದಾ?"

ಇದು ಅಮ್ಮನ ಮೇಲಿನ ಕಾಳಜಿಯಲ್ಲ, ಸಂಪಿನ ನೀರಿನ ಲೆಕ್ಕ.

"ಊರ್ ಯಾವ್ದು?"

"ಚನ್ನರಾಯಪಟ್ಣದ ಹತ್ರ ಅಮ್ಮ."

"ಓ, ಹಾಸನದ್ ಕಡೆ. ನಮ್ ದೊಡ್ ಸೊಸೆನೂ ಆ ಕಡೆಯವ್ಳೇ. ನೀವು ಯಾವ ಪೈಕಿ?"

ಕೊನೆಯ ಪ್ರಶ್ನೆಯೇ ಪರೀಕ್ಷೆ, ಉಳಿದದ್ದೆಲ್ಲ ಪೀಠಿಕೆ. ಬಡಾವಣೆಯ ಹಂಚಿಕೆದಾರ ಓದಿದವನಾದ್ದರಿಂದ ಬಾಯಿಬಿಟ್ಟು ಕೇಳುವುದಿಲ್ಲ, ಗೇಟಿಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡು ಹಾಕುತ್ತಾನೆ. ಊಟದ ಹೆಸರಿನಲ್ಲಿ ಅವನು ಕೇಳುವುದನ್ನೇ ಓಣಿಯ ಅಜ್ಜಿ ನೇರವಾಗಿ ಕೇಳುತ್ತಾಳೆ. ಮಟನ್ನಿನ ವಾಸನೆ ಅಜ್ಜಿಗೆ ಅಡ್ಡಿಯಲ್ಲ, ಅವಳ ಮನೆಯಲ್ಲೂ ಭಾನುವಾರ ಕಾಲುಸೂಪೇ. ಆದರೂ ಉತ್ತರ ಹಿಡಿಸದಿದ್ದರೆ ಎರಡೂ ಕಡೆ ಒಂದೇ ವಾಕ್ಯ ಬರುತ್ತದೆ: "ನಿನ್ನೆನೇ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರು." 'ಮನೆ ಬಾಡಿಗೆಗಿದೆ' ಬೋರ್ಡು ಮಾತ್ರ ಮುಂದಿನ ವಾರವೂ ತೂಗುತ್ತಿರುತ್ತದೆ. ದಲಿತ ಮತ್ತು ಮುಸ್ಲಿಂ ಕುಟುಂಬಗಳಿಗೆ ಈ ವಾಕ್ಯ ಕಂಠಪಾಠ. ವಿದ್ವತ್ತಿನ ಯಾವ ಹೆಸರಿಟ್ಟರೂ ಇದು ನೀಚತನವೇ.

ಇನ್ನು 'ಇತರೆ'. ಈ ಖಾನೆಗೆ ಸೇರಿದವರಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಕಾವಲುವಾಸಿ. ಯಾದಗಿರಿ, ರಾಯಚೂರಿನ ಕಡೆಯಿಂದ ಬಂದ ಗಂಡಹೆಂಡತಿ, ಇಬ್ಬರು ಮಕ್ಕಳು. ಉಲ್ಲಾಳಿನ ಹೊಸ ಸೈಟಿನಲ್ಲಿ ಪಾಯ ತೋಡಿದ ದಿನ ತಗಡಿನ ಶೆಡ್ಡಿನಲ್ಲಿ ಬಂದು ಇಳಿಯುತ್ತಾರೆ, ಹಗಲು ಕಟ್ಟುವ ಕೆಲಸ, ರಾತ್ರಿ ಸಿಮೆಂಟು ಕಾಯುವ ಕೆಲಸ. ಗೋಡೆ ಎದ್ದು ಮೋಲ್ಡು ಬಿದ್ದ ಮೇಲೆ ಶೆಡ್ಡಿನಿಂದ ಒಳಗೆ ಬರುತ್ತಾರೆ. ಬಾಗಿಲಿಲ್ಲದ ಮಾಸ್ಟರ್ ಬೆಡ್‌ರೂಮಿನಲ್ಲಿ ಮೂರು ಕಲ್ಲಿನ ಒಲೆ, ಕಿಟಕಿಯ ಕಂಬಿಗೆ ಜೋಲಿ, ಕ್ಯೂರಿಂಗಿಗೆ ಬಿಟ್ಟ ನೀರಿನಲ್ಲೇ ಸ್ನಾನ. ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮೊದಲು ಒಲೆ ಹಚ್ಚಿದವರು ಇವರು. ಯಜಮಾನರು ಹಾಲುಕ್ಕಿಸುವ ಮುಂಚಿನ ವಾರ ಪೇಂಟಿನವರು ಬಂದು ಆ ಹೊಗೆಯ ಕಲೆ ಅಳಿಸುತ್ತಾರೆ. ಆ ಸಂಸಾರ ಮುಂದಿನ ಸೈಟಿಗೆ ಹೊರಡುತ್ತದೆ.

ಇಷ್ಟೆಲ್ಲ ವಿಂಗಡಿಸಿದ ಮೇಲೆ ವಿಂಗಡಣೆಯನ್ನೇ ಕೆಡಿಸುವ ಒಂದು ಸಂಗತಿ ಹೇಳಬೇಕು. ಚನ್ನರಾಯಪಟ್ಟಣದ ಆ ಬಾಡಿಗೆದಾರನಿಗೆ ಊರಿನಲ್ಲಿ ತೊಟ್ಟಿಮನೆ ಇದೆ. ಅಪ್ಪ ಹೋದ ಮೇಲೆ ಬೀಗ ಬಿದ್ದಿದೆ, ಹೆಂಚು ಒಡೆದಿದೆ, ಎರಡು ಎಕರೆಯನ್ನು ದಾಯಾದಿ ವಾರಕ್ಕೆ ಮಾಡುತ್ತಾನೆ. ಕಾವಲುವಾಸಿಗೂ ಅಷ್ಟೆ, ಯಾದಗಿರಿಯಲ್ಲಿ ಒಣ ಹೊಲ, ಎರಡು ಅಂಕಣದ ಮನೆ. 2011ರಲ್ಲಿ ಗಣತಿಯವರು ದೇಶದಲ್ಲಿ ಎರಡೂವರೆ ಕೋಟಿಗೆ ಹತ್ತಿರ ಮನೆಗಳನ್ನು ಖಾಲಿ ಎಂದು ಬರೆದುಕೊಂಡರು. ಇಂಥ ಮನೆಗಳೂ ಅದರಲ್ಲಿ ಸೇರಿವೆ. ಚನ್ನರಾಯಪಟ್ಟಣದವನನ್ನು ಗೇಟಿನಲ್ಲಿ ನಿಲ್ಲಿಸಿ ಪರೀಕ್ಷಿಸಿದ ಅಜ್ಜಿಗೆ ಏಳು ಬಾಡಿಗೆ ಮನೆಗಳಿವೆ, ಒಂದು ಕಟ್ಟು ಕೊತ್ತಂಬರಿ ಬೆಳೆಯುವಷ್ಟು ಮಣ್ಣಿಲ್ಲ. ಸಂಕ್ರಾಂತಿಗೆ ಎಳ್ಳಿನ ಜೊತೆ ಕಬ್ಬು, ಅವರೆಕಾಯಿ ಊರಿನಿಂದ ತಂದು ಅವಳ ಮನೆಗೆ ಕೊಡುವವನು ಬಾಡಿಗೆದಾರನೇ. ನೆಲದೊಡೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದಾನೆ, ನೆಲ ಕಳೆದುಕೊಂಡವಳು ಕೆಳಗೆ ಮಾಲೀಕಳಾಗಿ ಕೂತಿದ್ದಾಳೆ. ಯಾರ ಹಳ್ಳಿ ನಗರವಾಯಿತೋ ಅವರು ಒಡೆಯರಾದರು, ಯಾರ ಹಳ್ಳಿ ಹಳ್ಳಿಯಾಗಿಯೇ ಉಳಿಯಿತೋ ಅವರು ಒಕ್ಕಲಾದರು. ದುಡಿಮೆಗೂ ಇದಕ್ಕೂ ಅಂಥ ಸಂಬಂಧವೇನೂ ನನಗೆ ಕಂಡಿಲ್ಲ.

ಶಾಸ್ತ್ರ ಇಷ್ಟು ಸಾಕು. ಭೋಗ್ಯಕ್ಕೆ ಮನೆ ನೋಡುತ್ತಿರುವ ಓದುಗರಿಗೆ ಒಂದು ಮಾತು. ದುಡ್ಡು ಕೊಡುವ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೋ ಕಾವೇರಿ ತಂತ್ರಾಂಶದಲ್ಲೋ ಮನೆಯ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ, ಅದರ ಮೇಲೆ ಬ್ಯಾಂಕಿನ ಸಾಲ ಇದೆಯೇ ನೋಡಿ. ಸಾಲವಿದ್ದು ಕಂತು ತಪ್ಪಿದರೆ ಬ್ಯಾಂಕಿನವರು ಹರಾಜಿಗೆ ಬರುತ್ತಾರೆ, ಆಗ ನಿಮ್ಮ ಎಂಟು ಲಕ್ಷಕ್ಕೆ ಯಜಮಾನರ ಬಾಯಿಮಾತು ಬಿಟ್ಟರೆ ಬೇರೆ ಆಧಾರ ಇರುವುದಿಲ್ಲ. ದುಡ್ಡನ್ನು ಚೆಕ್ಕಿನಲ್ಲಿ ಕೊಡಿ. ಮೂರು ವರ್ಷದ ಕರಾರನ್ನು ಹನ್ನೊಂದು ತಿಂಗಳ ಛಾಪಾ ಕಾಗದದಲ್ಲಿ ಬರೆಸಬೇಡಿ, ಖರ್ಚಾದರೂ ರಿಜಿಸ್ಟರ್ ಮಾಡಿಸಿ. "ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಯಜಮಾನರು ಮುಖ ಸಣ್ಣ ಮಾಡಿದರೆ ಪಕ್ಕದ ಓಣಿಗೆ ಹೋಗಿ, ಅಲ್ಲೂ ಬೋರ್ಡು ಇರುತ್ತದೆ.